ಮರವಂತೆಯವಳಿಗೆ ಈಜು ಪರೀಕ್ಷೆ

ಮರವಂತೆಯ ಮೀನುಗಾರರ ಕೇರಿಯಲ್ಲಿ ಒಂದು ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳುವುದಿಲ್ಲ. ಗಂಡ ಹೆಂಡತಿ ನಿನ್ನೆ ಯಾಕೆ ಜಗಳವಾಡಿದಿರಿ ಎಂದು ಕೇಳಬಹುದು, ಮಗಳಿಗೆ ಇನ್ನೂ ಯಾಕೆ ಗಂಡು ನೋಡಿಲ್ಲ ಎಂದು ಕೇಳಬಹುದು, ಕುಡಿದು ಎಲ್ಲಿ ಬಿದ್ದುಕೊಂಡಿದ್ದೆ ಎಂದು ನಾಲ್ಕು ಜನರ ಎದುರೇ ಕೇಳಬಹುದು. ನಿನಗೆ ಈಜು ಬರುತ್ತದಾ ಎಂದು ಮಾತ್ರ ಕೇಳಬಾರದು. ಕೇಳಿದರೆ ಅದು ಬೈಗುಳ. ಕಡಲಿಗೆ ಹೋಗುವವನಿಗೆ ಈಜು ಬಾರದೆ ಇರುತ್ತದೆಯೇ? ಬಂದೇ ಬರುತ್ತದೆ. ಹೀಗೆ ಎಲ್ಲರೂ ಎಲ್ಲರ ಬಗ್ಗೆ ತಿಳಿದುಕೊಂಡಿದ್ದಾರೆ. ಬಾರದವನೂ ಪಕ್ಕದ ಮನೆಯವನಿಗೆ ಬರುತ್ತದೆ ಎಂದುಕೊಂಡು ಬಾಯಿ ಮುಚ್ಚಿಕೊಂಡಿರುತ್ತಾನೆ.

ಧನ್ಯಶ್ರೀಯ ಅಪ್ಪ ತಿಮ್ಮ ಹಾಗೆ ಬಾಯಿ ಮುಚ್ಚಿಕೊಂಡೇ ಸತ್ತ.

ಆ ವರ್ಷ ಮಳೆಗಾಲ ಆಗಷ್ಟೇ ಶುರುವಾಗಿತ್ತು. ದೊಡ್ಡ ಬೋಟುಗಳೆಲ್ಲ ದಡ ಸೇರಿದ್ದವು, ನಾಡದೋಣಿಯವರು ಮಾತ್ರ ಅಲೆ ನೋಡಿಕೊಂಡು ಹೋಗಿ ಬರುತ್ತಿದ್ದರು. ತಿಮ್ಮನಿದ್ದ ದೋಣಿ ತಿರುಗಿ ಬರುವಾಗ ಬಂದರಿನ ಕಲ್ಲಿನ ತಡೆಗೋಡೆಯ ಹತ್ತಿರ ಮಗುಚಿತು. ಉಳಿದವರೆಲ್ಲ ಮಗುಚಿದ ದೋಣಿಯನ್ನೇ ಅಪ್ಪಿ ಹಿಡಿದುಕೊಂಡರು, ತಿಮ್ಮನನ್ನು ಅಲೆ ದೂರಕ್ಕೆ ಎಳೆದಿತ್ತು. ದೂರ ಎಂದರೆ ಎಷ್ಟು ದೂರ? ದಡದಲ್ಲಿ ನಿಂತು ಕೂಗಿದರೆ ಕೇಳುವಷ್ಟು. ಶಾಲೆಯಿಂದ ಓಡಿ ಬಂದ ಧನ್ಯಶ್ರೀ ಕೂಗಿದಳು, ಅಪ್ಪ ತಿರುಗಿ ನೋಡಿದ. ಅವಳ ಪಕ್ಕದಲ್ಲೇ ಅವಳ ಮಾವ, ಅಮ್ಮನ ಅಣ್ಣ ಚಂದಯ್ಯ ನಿಂತಿದ್ದ. ಚಂದಯ್ಯ ಸರಕು ಹಡಗಿನಲ್ಲಿ ಬೋಸನ್, ಅಂದರೆ ಡೆಕ್ಕಿನ ಕೆಲಸದವರಿಗೆಲ್ಲ ಮೇಸ್ತ್ರಿ. ಜಪಾನಿನಿಂದ ಬ್ರೆಜಿಲ್‌ವರೆಗೆ ನೀರು ಕಂಡ ಮನುಷ್ಯ, ರಜೆಯಲ್ಲಿ ಊರಿಗೆ ಬಂದಿದ್ದ. ಅವಳು ಅವನ ಅಂಗಿ ಹಿಡಿದು ಜಗ್ಗಿದಳು. ಚಂದಯ್ಯ ಹಗ್ಗ ತನ್ನಿ ಎಂದು ಬೊಬ್ಬೆ ಹೊಡೆದ, ತಂದ ಹಗ್ಗ ಎಸೆದ, ಹಗ್ಗ ಮುಟ್ಟಲಿಲ್ಲ. ಅವನು ಹಾರಲಿಲ್ಲ.

ಆಮೇಲೆ ಸಮಾಧಾನ ಹೇಳಲು ಬಂದವರಿಗೆಲ್ಲ ಅವನದ್ದು ಒಂದೇ ಮಾತು, ಆ ಸುಳಿಗೆ ಹಾರಿದ್ದರೆ ಎರಡು ಹೆಣ ಎತ್ತಬೇಕಿತ್ತು ಎಂದು. ಊರು ತಲೆಯಾಡಿಸಿತು. ತಿಮ್ಮನಿಗೆ ಈಜು ಬರುವುದಿಲ್ಲ ಎಂಬುದು ಅವನ ಹೆಂಡತಿ ಮುತ್ತುವಿಗೆ ಗೊತ್ತಿತ್ತು. ಅವಳು ಅದನ್ನು ಮಗಳೊಬ್ಬಳಿಗೇ ಹೇಳಿ, ಹೊರಗೆ ಉಸಿರೆತ್ತಿದರೆ ಜಾಗ್ರತೆ ಎಂದಳು. ಊರಿನವರ ಬಾಯಲ್ಲಿ ತಿಮ್ಮ ಇವತ್ತಿಗೂ ಒಳ್ಳೆಯ ಈಜುಗಾರ, ಪಾಪ, ಅಲೆ ಜೋರಿತ್ತು ಅಷ್ಟೆ. ಮೀನುಗಾರಿಕೆ ಇಲಾಖೆಯವರು ಕೊಟ್ಟ ಲೈಫ್ ಜಾಕೆಟ್ ಮನೆಯ ಅಟ್ಟದಲ್ಲಿ ಪ್ಲಾಸ್ಟಿಕ್ ಕವರಿನೊಳಗೇ ಇತ್ತು. ಅದನ್ನು ಹಾಕಿಕೊಂಡು ದೋಣಿ ಹತ್ತಿದರೆ, ನನಗೆ ಈಜು ಬರುವುದಿಲ್ಲ ಎಂದು ಊರಿಗೆ ಡಂಗುರ ಹೊಡೆಸಿದ ಹಾಗೆ. ಮರ್ಯಾದೆ ಅಲ್ಲವೇ, ಮರ್ಯಾದೆ! ಆ ಮರ್ಯಾದೆಗೆ ಇಷ್ಟು ಬೆಂಕಿ ಹಾಕ!

ಧನ್ಯಶ್ರೀಗೆ ಅಂದಿನಿಂದ ಮಾವನ ಮುಖ ಕಂಡರೆ ಮೈ ಉರಿಯುತ್ತಿತ್ತು. ಈಜು ಬರುವ ಮನುಷ್ಯ, ಕಡಲೆಂದರೆ ಅಂಗಳದ ಹಾಗೆ ಓಡಾಡಿದ ಮನುಷ್ಯ, ತಂಗಿಯ ಗಂಡ ಕಣ್ಣೆದುರು ಮುಳುಗುವಾಗ ಕೈಕಟ್ಟಿ ನಿಂತ. ಅವಳು ಈ ಮಾತನ್ನು ಅವನ ಮುಖಕ್ಕೆ ಯಾವತ್ತೂ ಹೇಳಲಿಲ್ಲ. ಹೇಳದೆ ಒಳಗೇ ಇಟ್ಟುಕೊಂಡಳು, ಅದು ಒಳಗೇ ಬಲಿಯಿತು. ಅವನು ತಂದ ಚಾಕಲೇಟು ತಿನ್ನಲಿಲ್ಲ, ತಂದ ಬಟ್ಟೆ ಹಾಕಲಿಲ್ಲ. ನಿವೃತ್ತನಾಗಿ ಊರಿಗೆ ಬಂದ ಮೇಲೆ ಅವನು ಕಂಪನಿಯ ಟೋಪಿ ಹಾಕಿಕೊಂಡು ಹೆದ್ದಾರಿಯ ಪಕ್ಕದ ಚಾ ಅಂಗಡಿಯಲ್ಲಿ ಕೂತು, ಬಿರುಗಾಳಿಯಲ್ಲಿ ಹಡಗು ಹೇಗೆ ಮಲಗುತ್ತದೆ, ಹೇಗೆ ಏಳುತ್ತದೆ ಎಂದು ಕೈಯಾಡಿಸಿ ಹೇಳುತ್ತಿದ್ದ. ಜನ ಬಾಯಿ ಬಿಟ್ಟು ಕೇಳುತ್ತಿದ್ದರು. ಅವಳು ಆ ದಾರಿ ಬಿಟ್ಟು ತೋಟದ ಬದಿಯಿಂದ ಸುತ್ತಿ ಹೋಗುತ್ತಿದ್ದಳು.

ಸಿಟ್ಟು ಅವಳಿಗೆ ಮೂಗಿನ ತುದಿಯಲ್ಲೇ ಇತ್ತು ಎನ್ನುವವರು ಅದಕ್ಕೆ ಕಾರಣವನ್ನೂ ಸ್ವಲ್ಪ ನೋಡಬೇಕು. ಸಣ್ಣವಳಿರುವಾಗ ದಡಕ್ಕೆ ಎಳೆದಿಟ್ಟ ದೋಣಿಯೊಳಗೆ ಕೂತು ಆಡಿದ್ದಕ್ಕೆ ಕೆನ್ನೆಗೆ ಬಿದ್ದಿತ್ತು. ಹೆಂಗಸರು ದೋಣಿ ಹತ್ತಬಾರದಂತೆ. ಮೀನು ಹೊರಬಹುದು, ಮಾರಬಹುದು, ಒಣಗಿಸಬಹುದು, ಬಲೆಯಲ್ಲಿ ಸಿಕ್ಕಿದ ಕಸ ಬಿಡಿಸಬಹುದು, ದೋಣಿ ಮಾತ್ರ ಮುಟ್ಟಬಾರದು. ಹತ್ತನೇ ತರಗತಿ ಒಳ್ಳೆಯ ಮಾರ್ಕಿನಲ್ಲಿ ಮುಗಿಸಿ, ಪಿಯುಸಿಯನ್ನೂ ಮುಗಿಸಿ, ಅವಳು ಗೇರುಬೀಜದ ಕಾರ್ಖಾನೆಗೆ ಹೋಗತೊಡಗಿದಳು. ಬೀಜದ ಎಣ್ಣೆಗೆ ಬೆರಳ ತುದಿಯ ಚರ್ಮ ಸುಲಿದುಹೋಗುತ್ತಿತ್ತು. ಸರಕು ಹಡಗಿನಲ್ಲಿ ನಾವಿಕರಾಗಲು ಆರು ತಿಂಗಳ ತರಬೇತಿ ಇದೆ, ಈಗ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ ಎಂದು ಅಲ್ಲಿ ಒಬ್ಬಳ ಮೊಬೈಲಿನಲ್ಲಿ ನೋಡಿದ್ದೇ ತಡ, ಅವಳು ಯಾರನ್ನೂ ಕೇಳದೆ ಪ್ರವೇಶ ಪರೀಕ್ಷೆಗೆ ಕೂತಳು. ಕಣ್ಣಿನ ಪರೀಕ್ಷೆ, ಬಣ್ಣ ಗುರುತಿಸುವ ಪರೀಕ್ಷೆ, ಡಾಕ್ಟರರ ತಪಾಸಣೆ ಎಲ್ಲ ಮುಗಿಸಿ, ಬ್ರಹ್ಮಾವರದ ಹತ್ತಿರದ ಒಂದು ನಾವಿಕ ತರಬೇತಿ ಶಾಲೆಯಲ್ಲಿ ಸೀಟು ಸಿಕ್ಕಿದ ಮೇಲೆಯೇ ಮನೆಯಲ್ಲಿ ಬಾಯಿ ಬಿಟ್ಟಳು.

ಮುತ್ತು ಅಳುತ್ತ ಅಣ್ಣನನ್ನು ಕರೆಸಿದಳು. ಚಂದಯ್ಯ ಮೊದಲು ಹಾರಾಡಿದ. ಹಡಗೆಂದರೆ ಎಂಥ ಜಾಗ ಎಂದು ಗೊತ್ತಿದೆಯಾ ಎಂದ, ಹೆಣ್ಣು ಹೆಂಗಸು ಅಲ್ಲಿ ಏನು ಮಾಡುತ್ತಾಳೆ ಎಂದ. ಮರುದಿನ ಚಾ ಅಂಗಡಿಯಲ್ಲಿ ಯಾರೋ, ನಿಮ್ಮ ಮನೆಯಿಂದ ಇನ್ನೊಬ್ಬರು ಹಡಗಿಗಂತೆ, ಅದೂ ಹುಡುಗಿಯಂತೆ ಎಂದು ಹೊಗಳಿದರು. ಅಷ್ಟೇ ಸಾಕಾಯಿತು. ಅಂದಿನಿಂದ ಅದು ಚಂದಯ್ಯನದ್ದೇ ಯೋಚನೆ, ಅವನೇ ಹೇಳಿ ಸೇರಿಸಿದ್ದು, ಸೊಸೆಗೆ ರಕ್ತದಲ್ಲೇ ಕಡಲಿದೆ. ಇಂಥವರಿಗೆ ಏನು ಹೇಳುವುದು!

ಶಾಲೆಯಲ್ಲಿ ಧನ್ಯಶ್ರೀಗೆ ಉಸಿರು ಬಂದ ಹಾಗಾಯಿತು. ಬೆಳಿಗ್ಗೆ ಕವಾಯತು, ಆಮೇಲೆ ಹಗ್ಗದ ಗಂಟುಗಳು, ತುಕ್ಕು ಕೆರೆದು ಬಣ್ಣ ಬಳಿಯುವುದು, ಬೆಂಕಿ ಆರಿಸುವುದು, ಚುಕ್ಕಾಣಿ ಹಿಡಿದವನು ಆಜ್ಞೆಯನ್ನು ತಿರುಗಿ ಹೇಳಿಯೇ ಚಕ್ರ ತಿರುಗಿಸುವುದು. ಬಲೆ ಹೆಣೆದ ಕೈಗೆ ಗಂಟು ಕಷ್ಟವಾಗಲಿಲ್ಲ, ಬೀಜ ಸುಲಿದ ಕೈಗೆ ತುಕ್ಕು ಲೆಕ್ಕಕ್ಕೇ ಇರಲಿಲ್ಲ. ಕೋರ್ಸು ಮುಗಿದರೆ ಸಿಡಿಸಿ ಎಂಬ ಪುಸ್ತಕ ಸಿಗುತ್ತದೆ. ಅದು ಹಡಗಿನವರಿಗೆ ಪಾಸ್‌ಪೋರ್ಟಿನ ಹಾಗೆ, ಅದಿಲ್ಲದೆ ಯಾವ ಹಡಗೂ ಹತ್ತಿಸಿಕೊಳ್ಳುವುದಿಲ್ಲ. ಆದರೆ ಪುಸ್ತಕ ಸಿಕ್ಕಿದ ಮಾತ್ರಕ್ಕೆ ಹಡಗು ಸಿಗುವುದಿಲ್ಲ. ಪುಸ್ತಕ ಜೇಬಿನಲ್ಲಿಟ್ಟುಕೊಂಡು ವರ್ಷಗಟ್ಟಲೆ ಅಲೆಯುವ ಹುಡುಗರು ಕುಂದಾಪುರದಲ್ಲೇ ಬೇಕಾದಷ್ಟಿದ್ದಾರೆ. ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುವ ಕಂಪನಿಗಳು ಇನ್ನೂ ಕಡಿಮೆ. ಅಂಥ ಒಂದು ಕಂಪನಿಯವರು ಮುಂಬೈಯಿಂದ ಕೋರ್ಸಿನ ಕೊನೆಯಲ್ಲಿ ಬರುತ್ತಾರೆ, ಎಲ್ಲ ಪರೀಕ್ಷೆಗಳಲ್ಲೂ ಪಾಸಾದವರನ್ನು ಮಾತ್ರ ನೋಡುತ್ತಾರೆ ಎಂದು ಮೊದಲ ದಿನವೇ ಹೇಳಿದ್ದರು.

ಉಳಿದದ್ದು ಈಜು. ಶಾಲೆಯ ಹಿಂದೆ ಒಂದು ಕೊಳವಿತ್ತು. ವಾರಕ್ಕೊಮ್ಮೆ ಈಜಿನ ತರಗತಿ ಎಂದು ವೇಳಾಪಟ್ಟಿಯಲ್ಲಿ ಇತ್ತು. ನಡೆಸುತ್ತಿದ್ದವರು ರವಿಚಂದ್ರ ಸರ್, ಹಡಗಿನಲ್ಲಿ ಆಫೀಸರಾಗಿದ್ದು ಬಿಟ್ಟು ಬಂದವರು. ಕೆಟ್ಟವರಲ್ಲ, ನಗುನಗುತ್ತಲೇ ಇರುವವರು, ಸೋಮಾರಿ. ತರಗತಿ ಎಂದರೆ ಅವರದ್ದೊಂದು ಕ್ರಮ. ಶಂಕರನಾರಾಯಣ, ಹಾಲಾಡಿ ಎಂದು ಒಳನಾಡಿನ ಹುಡುಗರೆಲ್ಲ ನೀರಿಗೆ, ಗಂಗೊಳ್ಳಿ, ಮರವಂತೆ, ಶಿರೂರು ಎಂದು ಕಡಲ ಕರೆಯ ಊರುಗಳ ಮಕ್ಕಳೆಲ್ಲ ಮರದ ನೆರಳಿಗೆ. ಮೀನುಗಾರರ ಮಕ್ಕಳಿಗೆ ಈಜು ಕಲಿಸಲು ನನಗೇನು ಹುಚ್ಚೇ ಎಂದು ಅವರು ಹೇಳುವರು, ನೆರಳಿನಲ್ಲಿದ್ದವರು ನಗುವರು. ಶಂಕರನಾರಾಯಣದ ರಂಜನ್ ಎಂಬವನು ಸಣ್ಣಂದಿನಿಂದ ಕೆರೆಯಲ್ಲಿ ಬಿದ್ದು ಎದ್ದವನು, ನೀರಿನಲ್ಲಿ ಮೀನಿನ ಹಾಗೆ ಹೋಗುತ್ತಿದ್ದ, ಅವನನ್ನು ವಾರ ವಾರ ಇಳಿಸುತ್ತಿದ್ದರು. ಧನ್ಯಶ್ರೀ ನೆರಳಿನಲ್ಲಿ ಕೂತಿರುತ್ತಿದ್ದಳು.

ಅವಳೂ ನಕ್ಕವಳೇ. ಇದನ್ನು ಮುಚ್ಚಿಡಬಾರದು. ಅಪ್ಪ ಯಾಕೆ ಸತ್ತ ಎಂದು ಗೊತ್ತಿದ್ದೂ, ಆ ನೆರಳಿನಲ್ಲಿ ಉಳಿದವರ ಜೊತೆ ಅವಳೂ ಹಲ್ಲು ಬಿಟ್ಟಳು. ನಾಳೆ ಹೇಳಿದರಾಯಿತು, ಮುಂದಿನ ವಾರ ಹೇಳಿದರಾಯಿತು ಎಂದು ತಿಂಗಳುಗಳನ್ನೇ ದೂಡಿದಳು. ರಾತ್ರಿ ಹಾಸ್ಟೆಲಿನಲ್ಲಿ ಮಲಗಿದಾಗ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಬೆಳಿಗ್ಗೆ ಮತ್ತೆ ಬಾಯಿ ಹೊಲಿದುಕೊಳ್ಳುತ್ತಿತ್ತು.

ಪರೀಕ್ಷೆಯ ದಿನ ಬಂತು. ಎತ್ತರದ ಹಲಗೆಯಿಂದ ಲೈಫ್ ಜಾಕೆಟ್ ಹಾಕಿಕೊಂಡು ಹಾರಬೇಕು, ಆಮೇಲೆ ಜಾಕೆಟ್ ಇಲ್ಲದೆ ಕೊಳದ ಉದ್ದಕ್ಕೆ ಈಜಬೇಕು. ಒಳನಾಡಿನವರದ್ದು ಮುಗಿಯಿತು. ಒಬ್ಬ ನಡುವೆ ಕೊಳದ ಅಂಚಿನ ಸರಳು ಹಿಡಿದ, ಅವನು ಫೇಲು. ರವಿಚಂದ್ರ ಸರ್ ಮರದ ಕಡೆಗೆ ತಿರುಗಿ ಕಡಲ ಕರೆಯವರ ಹೆಸರು ಕರೆಯುತ್ತ, ಹಾಜರಿ ತೆಗೆದ ಹಾಗೆ ಒಂದೊಂದಕ್ಕೂ ಪಾಸು ಎನ್ನುತ್ತ ಬಂದರು. ಧನ್ಯಶ್ರೀಯ ಹೆಸರಿಗೆ ಬಂದಾಗ ತಲೆ ಎತ್ತಿ ನಕ್ಕರು.

"ಮರವಂತೆಯವಳು, ಅದೂ ಬೋಸನ್ ಚಂದಯ್ಯನ ಸೊಸೆ. ನಿನಗೆಂಥ ಪರೀಕ್ಷೆ, ನೀನೇ ನಮಗೆ ಕಲಿಸಬೇಕು!"

ಆ ಹೆಸರು ಕೇಳಿದ್ದೇ ಅವಳ ತಲೆ ಕೆಟ್ಟುಹೋಯಿತು. ಚಂದಯ್ಯ ಎಂಬ ಹೆಸರಿನ ಬಲದಲ್ಲಿ ತಾನು ಪಾಸಾಗಬೇಕೇ? ದಡದಲ್ಲಿ ನಿಂತವನ ಹೆಸರಿನಲ್ಲಿ? ಅವಳು ಎದ್ದು ನಿಂತಳು.

"ಸರ್, ನಂಗ್ ಈಜುಕೆ ಬತ್ತಿಲ್ಲೆ. ನಮ್ಮ ಅಪ್ಪಯ್ಯಂಗೂ ಬತ್ತಿರ್ಲಿಲ್ಲೆ. ಅದಕ್ಕೇ ಸತ್ರ್."

ನಗು ನಿಂತಿತು. ರವಿಚಂದ್ರ ಸರ್ ಅವಳನ್ನು ಆಚೆ ಕರೆದು ಸಮಾಧಾನ ಹೇಳಿದರು. ಕಂಪನಿಯವರು ಸೋಮವಾರ ಬರುತ್ತಾರೆ, ಈಗ ಪಾಸು ಎಂದು ಬರೆಯುತ್ತೇನೆ, ಆಮೇಲೆ ನಿಧಾನಕ್ಕೆ ಕಲಿತುಕೋ, ಅಷ್ಟಕ್ಕೂ ಹಡಗಿನಲ್ಲಿ ಯಾರು ಈಜುತ್ತಾರೆ ಎಂದರು. ಅವಳ ಒಳ್ಳೆಯದಕ್ಕೇ ಹೇಳಿದರು ಎಂದು ಇಟ್ಟುಕೊಳ್ಳೋಣ. ಅವಳು ಬೇಡ ಎಂದಳು. ಮತ್ತೊಮ್ಮೆ ಹೇಳಿದರು, ಮತ್ತೊಮ್ಮೆ ಬೇಡ ಎಂದಳು. ಸೋಮವಾರ ಕಂಪನಿಯವರು ಬಂದರು. ನೆರಳಿನಲ್ಲಿ ಅವಳ ಜೊತೆ ಕೂತಿದ್ದವರಲ್ಲಿ ಕೆಲವರು ಆಯ್ಕೆಯಾದರು, ರಂಜನ್ ಆಯ್ಕೆಯಾದ. ಧನ್ಯಶ್ರೀ ಪೆಟ್ಟಿಗೆ ಹಿಡಿದುಕೊಂಡು ಮರವಂತೆಯ ಬಸ್ಸು ಹತ್ತಿದಳು. ಮುಂದಿನ ತಂಡದ ಜೊತೆ ಈಜು ಪರೀಕ್ಷೆಗೆ ಇನ್ನೊಮ್ಮೆ ಬರಬಹುದು, ಆಗಲೂ ಆಗದಿದ್ದರೆ ಕಲಿತದ್ದೆಲ್ಲ ವ್ಯರ್ಥ.

ಸುದ್ದಿ ಅವಳಿಗಿಂತ ಮೊದಲೇ ಊರು ಮುಟ್ಟಿತ್ತು. ಮುತ್ತು ಮೀನಿನ ಬುಟ್ಟಿಯನ್ನು ಅಂಗಳದಲ್ಲಿ ಕುಕ್ಕಿ, ಸತ್ತವನ ಮರ್ಯಾದೆಯನ್ನೂ ತೆಗೆದೆಯಲ್ಲ ಹೆಣ್ಣೇ ಎಂದು ಎದೆ ಬಡಿದುಕೊಂಡಳು. ಚಂದಯ್ಯ ಮನೆ ಮೆಟ್ಟಿಲು ಹತ್ತುವುದನ್ನೇ ಬಿಟ್ಟ. ಚಾ ಅಂಗಡಿಯಲ್ಲಿ ತಲೆ ಎತ್ತಿ ಕೂರಲಾಗದಂತೆ ಮಾಡಿದಳು ಎಂದು ತಂಗಿಗೆ ಹೇಳಿ ಕಳಿಸಿದ. ಕೇರಿಯ ಹುಡುಗರಿಗಂತೂ ಹಬ್ಬ. ಒಂದು ದಿನ ಅವಳು ಕುಂದಾಪುರದಿಂದ ಬರುವಾಗ ಬಸ್ಸು ಮರವಂತೆಯ ತಿರುವಿಗೆ ಬಂತು. ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ರಸ್ತೆ. ಹಿಂದಿನ ಸೀಟಿನಿಂದ ಒಬ್ಬ ಕೂಗಿದ.

"ಹ್ವಾಯ್ ಡ್ರೈವರ್ರೇ, ನಿಧಾನ ಹೋಯ್ನಿ. ಈಜು ಬಾರ್ದವ್ರ್ ಕೂತಿದ್ರ್."

ಬಸ್ಸಿಗೆ ಬಸ್ಸೇ ನಕ್ಕಿತು. ಧನ್ಯಶ್ರೀ ಎದ್ದು ಹಿಂದೆ ಹೋಗಿ, ನಿನಗೆ ಬರುತ್ತದಾ, ಈಗಲೇ ಇಳಿ, ಹೊಳೆ ಇಲ್ಲೇ ಇದೆ, ನಾನೂ ನೋಡುತ್ತೇನೆ ಎಂದಳು. ಅವನು ಕಿಟಕಿಯ ಆಚೆ ನೋಡುತ್ತ ಕೂತ. ಅವನ ಮುಖ ಬಣ್ಣಗೆಟ್ಟದ್ದನ್ನು ಕಂಡಾಗ ಅವಳಿಗೆ ಗೆದ್ದ ಸಂತೋಷವೇನೂ ಆಗಲಿಲ್ಲ, ಮತ್ತಷ್ಟು ಸಿಟ್ಟು ಬಂತು. ಇವನಿಗೂ ಬರುವುದಿಲ್ಲ, ನಾಳೆ ಇವನೂ ದೋಣಿ ಹತ್ತುತ್ತಾನೆ.

ಕಲಿಸುವವರು ಯಾರು? ಗಂಡಸರನ್ನು ಕೇಳುವ ಹಾಗಿಲ್ಲ. ಕೊನೆಗೆ ಸಿಕ್ಕಿದವಳು ಪದ್ದಕ್ಕ. ರಸ್ತೆಯ ಹೊಳೆ ಬದಿಯಲ್ಲಿ ಅವಳ ಮನೆ. ಸೌಪರ್ಣಿಕೆಯಲ್ಲಿ ಮುಳುಗಿ ಕಪ್ಪೆಚಿಪ್ಪು ಹೆಕ್ಕಿ ಮಾರುವುದು ಅವಳ ಕೆಲಸ, ಬಾಯಿ ಇಡೀ ಕೇರಿಗೆ ಕುಪ್ರಸಿದ್ಧ. ನಿನಗೆ ಈಜು ಬರುತ್ತದೆಂದು ಯಾಕೆ ಯಾರಿಗೂ ಗೊತ್ತಿಲ್ಲ ಎಂದು ಧನ್ಯಶ್ರೀ ಕೇಳಿದಾಗ, ಇದನ್ನು ಈಜು ಎಂದು ಕರೆದವರು ಯಾರಿದ್ದಾರೆ, ಚಿಪ್ಪು ಹೆಕ್ಕುವುದು ಎನ್ನುತ್ತಾರೆ ಎಂದು ಅವಳು ಎಲೆಯಡಿಕೆ ಉಗಿದಳು.

ಮೊದಲ ದಿನಗಳು ನರಕ. ನೀರು ಎದೆಗೆ ಬಂದ ಕೂಡಲೇ ಧನ್ಯಶ್ರೀಯ ಮೈ ಸೆಟೆದುಹೋಗುತ್ತಿತ್ತು. ಕಣ್ಣು ಮುಚ್ಚಿದರೆ ಅಪ್ಪ ತಿರುಗಿ ನೋಡಿದ ಮುಖ. ಹೆದರಿಕೆ ಬಂತೆಂದು ಸಿಟ್ಟು, ಸಿಟ್ಟು ಬಂದಿತೆಂದು ಕೈಕಾಲ ಬಡಿತ, ಬಡಿದಷ್ಟೂ ಮುಳುಗುವುದು. ಮೂಗಿಗೆ ನೀರು ಹೋಗಿ ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಗುತ್ತಿತ್ತು. ಪದ್ದಕ್ಕ ಅವಳ ಹೊಟ್ಟೆಯ ಅಡಿಗೆ ಕೈ ಕೊಟ್ಟು ಹಿಡಿದುಕೊಂಡು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದಳು.

"ನೀರಿನ್ ಹತ್ರ ಎಂತಕ್ ಜಗಳ ಮಾಡ್ತೆ? ಅದ್ ನಿನ್ನ ಮಾವ ಅಲ್ಲ. ಮೈ ಸಡಿಲ ಬಿಡ್."

ಧನ್ಯಶ್ರೀಗೆ ನಗು ಬಂತು, ನಕ್ಕಾಗ ಮೈ ಸಡಿಲವಾಯಿತು, ಪದ್ದಕ್ಕ ಯಾವಾಗ ಕೈ ತೆಗೆದಳೋ ಗೊತ್ತೇ ಆಗಲಿಲ್ಲ. ಒಂದು ಮಾರು ಹೋಗಿ ಮುಳುಗಿದಳು. ಮತ್ತೆ ಹೋದಳು. ಬೆಳಿಗ್ಗೆ ಹೊಳೆ, ಹಗಲು ಮತ್ತೆ ಅದೇ ಗೇರುಬೀಜದ ಕಾರ್ಖಾನೆ. ಕೇರಿಯ ಹೆಂಗಸರು ರಸ್ತೆ ದಾಟಿ ಬಂದು ನೋಡಿ ಹೋಗುತ್ತಿದ್ದರು. ಮುತ್ತುವೂ ಒಂದು ದಿನ ಬಂದಳು. ಮಗಳು ನಡುಹೊಳೆಯವರೆಗೆ ಹೋಗಿ ತಿರುಗಿ ಬರುವವರೆಗೂ ಸೆರಗಿನಿಂದ ಬಾಯಿ ಒತ್ತಿ ಹಿಡಿದು ನಿಂತಿದ್ದು, ಮನೆಗೆ ಹೋದಳು. ಅಂದು ಸಂಜೆ ಊಟಕ್ಕೆ ಬಂಗುಡೆಯ ದೊಡ್ಡ ತುಂಡು ಮಗಳ ಬಟ್ಟಲಿನಲ್ಲಿತ್ತು.

ಮರುಪರೀಕ್ಷೆಯ ದಿನ ಅವಳು ಬ್ರಹ್ಮಾವರಕ್ಕೆ ಒಬ್ಬಳೇ ಹೋದಳು. ಕೊಳದ ಪಕ್ಕದಲ್ಲಿ ಹೊಸ ತಂಡದ ಹುಡುಗರು ಸಾಲಾಗಿ ಕೂತಿದ್ದರು. ಅವರಿಗೆ ಹಡಗಿನ ಜೀವನದ ಬಗ್ಗೆ ನಾಲ್ಕು ಮಾತು ಹೇಳಲು ರವಿಚಂದ್ರ ಸರ್ ಹಳೆಯ ಪರಿಚಯದವನೊಬ್ಬನನ್ನು ಕರೆಸಿದ್ದರು. ಟೋಪಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದವನು ಚಂದಯ್ಯ. ಸೊಸೆಯನ್ನು ಕಂಡು ಮುಖ ತಿರುಗಿಸಿದ. ಅವಳೂ ತಿರುಗಿಸಿದಳು.

ಜಾಕೆಟ್ ಹಾಕಿಕೊಂಡು ಹಲಗೆಯ ಮೇಲೆ ನಿಂತಳು. ಹಾರಿದಳು. ಜಾಕೆಟ್ ಬಿಚ್ಚಿಟ್ಟು ಮತ್ತೆ ನೀರಿಗಿಳಿದು ಈಜಿದಳು. ಚಂದದ ಈಜೇನೂ ಅಲ್ಲ, ಹೊಳೆಯ ಹೆಂಗಸರ ಈಜು, ತಲೆ ಮೇಲೆ, ಕಾಲು ಕಪ್ಪೆಯ ಹಾಗೆ. ನಡುವೆ ಒಮ್ಮೆ ಸರಳು ಕೈಗೆ ಸಿಗುವಷ್ಟು ಹತ್ತಿರ ಬಂತು, ಹಿಡಿಯಲಿಲ್ಲ. ಆಚೆಯ ಗೋಡೆ ಮುಟ್ಟಿದಳು. ರವಿಚಂದ್ರ ಸರ್ ಪಾಸು ಎಂದು ಕೂಗಿ, ಮುಂದಿನ ಸಲ ಕಂಪನಿಯವರು ಬಂದಾಗ ನಿನ್ನ ಹೆಸರೇ ಮೊದಲು ಎಂದರು. ಅವಳಿಗೆ ಅಳು ಬಂದ ಹಾಗಾಯಿತು. ಅಷ್ಟರಲ್ಲಿ ಚಪ್ಪಾಳೆ ಕೇಳಿತು.

ಚಂದಯ್ಯ ಎದ್ದು ನಿಂತಿದ್ದ. ಮುಖ ಅರಳಿತ್ತು. ಕೆಲವು ತಿಂಗಳ ಅವಮಾನ ತೊಳೆದುಹೋದ ಸಂತೋಷ. ಹುಡುಗರ ಕಡೆಗೆ ತಿರುಗಿ, ನೋಡಿದಿರಾ, ನಮ್ಮ ಮೀನುಗಾರರ ಮಕ್ಕಳಿಗೆ ಇದನ್ನೆಲ್ಲ ಕಲಿಸಬೇಕಾಗಿಲ್ಲ, ಹುಟ್ಟುವಾಗಲೇ ಬಂದಿರುತ್ತದೆ, ಅಂದು ಇವಳು ಹೆದರಿ ಏನೋ ಹೇಳಿದ್ದು ಎಂದು ಭಾಷಣ ಶುರು ಮಾಡಿದ. ಕಡಲ ಕರೆಯ ಹುಡುಗರು ಕೂತಲ್ಲೇ ಎದೆ ಸೆಟೆಸಿದರು. ರವಿಚಂದ್ರ ಸರ್ ನಗುತ್ತ ತಲೆಯಾಡಿಸಿದರು.

ಧನ್ಯಶ್ರೀ ನೀರಿನಿಂದ ಎದ್ದು ಬಂದು ಅವನೆದುರು ನಿಂತಳು. ಮೈಯಿಂದ ನೀರು ಸುರಿಯುತ್ತಿತ್ತು.

"ಮಾವ, ನೀವೊಂದ್ಸಲ ಇಳ್ದ್ ತೋರ್ಸಿ ಕಾಂಬ."

ಅವನು ನಕ್ಕ. ಪ್ಯಾಂಟು ಹಾಕಿ ಬಂದಿದ್ದೇನೆ ಎಂದ, ಮೊಣಕಾಲು ನೋವು ಎಂದ, ಬಿಪಿ ಮಾತ್ರೆ ತಿನ್ನುತ್ತೇನೆ ಎಂದ. ಅವಳು ಜಗ್ಗಲಿಲ್ಲ. ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದು ಹೊರಗೆ ಬಂತು.

"ಅಪ್ಪಯ್ಯ ಮುಳ್ಗ್ವತಿಗೆ ನೀವ್ ಎಂತಕೆ ಹಾರ್ಲಿಲ್ಲೆ?"

ಚಂದಯ್ಯ ಆ ಸುಳಿಗೆ ಎಂದು ಶುರು ಮಾಡಿದ. ಮುಂದೆ ಹೋಗಲಿಲ್ಲ. ಹುಡುಗರನ್ನು ನೋಡಿದ, ರವಿಚಂದ್ರ ಸರ್ ಅವರನ್ನು ನೋಡಿದ, ಕೊನೆಗೆ ನೀರನ್ನು ನೋಡಿದ. ಟೋಪಿ ತೆಗೆದ. ಮಾತು ತುಂಬ ಸಣ್ಣಗೆ ಬಂತು.

"ನಂಗ್ ಈಜುಕೆ ಬತ್ತಿಲ್ಲೆ ಮಗಾ."

ಅವಳಿಗೆ ಕೇಳಿದ್ದು ನಂಬಲಾಗಲಿಲ್ಲ. ಅವನು ಹಡಗು ಸೇರಿದ ಕಾಲದಲ್ಲಿಯೂ ಮೀನುಗಾರರ ಹುಡುಗ ಎಂದು ಕೇಳಿದ್ದೇ ಈಜು ಬರುತ್ತದೆಂದು ಬರೆದುಕೊಂಡಿದ್ದರಂತೆ. ಅವನೂ ಹೌದು ಎಂದಿದ್ದನಂತೆ. ಆಮೇಲೆ ಅಲ್ಲ ಎನ್ನಲು ಆಗಲಿಲ್ಲವಂತೆ. ಇಡೀ ಜೀವಮಾನ ನೀರಿನ ಮೇಲೆ ಕಳೆದು ಒಂದು ದಿನವೂ ನೀರಿಗಿಳಿಯಲಿಲ್ಲವಂತೆ.

"ನೀವೇ ಅಪ್ಪಯ್ಯನ್ನ ಕೊಂದವ್ರ್ ಅಂದ್ಕಂಡಿದ್ದೆ ನಾನ್," ಎಂದಳು ಅವಳು. "ಇಷ್ಟ್ ವರ್ಷ. ಅದ್ ನಿಮ್ಗ್ ಗೊತ್ತಿತ್ತಾ?"

"ಗೊತ್ತಿತ್ತ್. ಅದ್ ಅಡ್ಡಿಲ್ಲೆ ಅಂದ್ಕಂಡೆ. ಇದ್ ಮಾತ್ರ ಯಾರಿಗೂ ಗೊತ್ತಾಪುಕಾಗ ಅಂದೇಳಿ."

ಕೇಳಿ ಅವಳ ಸಿಟ್ಟು ಇಳಿಯಿತೇ? ಎಲ್ಲಿಂದ ಇಳಿಯುತ್ತದೆ! ಹೇಡಿ ಎನಿಸಿಕೊಳ್ಳಬಹುದು, ಕೊಲೆಗಾರ ಎನಿಸಿಕೊಳ್ಳಬಹುದು, ಸ್ವಂತ ಸೊಸೆ ಜೀವಮಾನವಿಡೀ ಮುಖ ನೋಡದೆ ಇರಬಹುದು, ಈಜು ಬಾರದವನು ಎಂದು ಮಾತ್ರ ಆಗಬಾರದು. ಇಂಥ ಮರ್ಯಾದೆಯೂ ಒಂದು ಇರುತ್ತದೆಯೇ? ಅವಳ ಕೈ ಮುಷ್ಟಿ ಕಟ್ಟಿತ್ತು. ಹೊಡೆಯುತ್ತಾಳೇನೋ ಎಂದು ರವಿಚಂದ್ರ ಸರ್ ಎರಡು ಹೆಜ್ಜೆ ಮುಂದೆ ಬಂದರು. ಅವಳು ಹೊಡೆಯಲಿಲ್ಲ.

"ಬೋಸನ್ ಚಂದಯ್ಯಂಗೇ ಬತ್ತಿಲ್ಲೆ ಅಂದೇಳಿ ಆಗ್ಲೇ ಗೊತ್ತಾಯಿದ್ರೆ, ಅಪ್ಪಯ್ಯ ನಾಚ್ಕಿ ಬಿಟ್ಟ್ ಜಾಕೆಟ್ ಹಾಯ್ಕಂಡ್ ಹೋತಿದ್ರ್ ಮಾವ. ಇವತ್ತಿಗೂ ಇರ್ತಿದ್ರ್."

ಚಂದಯ್ಯ ಕುರ್ಚಿಯ ಬೆನ್ನು ಹಿಡಿದುಕೊಂಡ. ಆಗ ಸಾಲಿನ ಕೊನೆಯಲ್ಲಿದ್ದ ಶಿರೂರಿನ ಅಕ್ಷಯ್ ಎಂಬ ಹುಡುಗ ಎದ್ದು ನಿಂತ. ಇಷ್ಟು ಹೊತ್ತು ಎದೆ ಸೆಟೆಸಿ ಕೂತಿದ್ದವರಲ್ಲಿ ಅವನೂ ಒಬ್ಬ.

"ಸರ್," ಎಂದ, "ನಂಗೂ ಬತ್ತಿಲ್ಲೆ."

ಅವನ ಪಕ್ಕದವನು ತಲೆ ತಗ್ಗಿಸಿದ. ಅದರಾಚೆಯವನು ಎದ್ದ. ರವಿಚಂದ್ರ ಸರ್ ಮುಖದ ನಗು ಎಲ್ಲಿಗೆ ಹೋಯಿತೋ! ಎಲ್ಲರೂ ಅಂಗಿ ತೆಗೆಯಿರಿ, ಎಲ್ಲಿಯವರೇ ಆಗಲಿ, ಇವತ್ತಿನಿಂದ ಎಲ್ಲರೂ ನೀರಿಗೆ ಎಂದರು.

ಧನ್ಯಶ್ರೀ ಬಟ್ಟೆ ಬದಲಿಸಲು ಹೋದಳು. ಬಾಗಿಲು ಹಾಕಿಕೊಂಡು ಅಪ್ಪನನ್ನು ನೆನೆದು ಜೋರಾಗಿ ಅತ್ತಳು, ಮುಖ ತೊಳೆದಳು, ತಲೆ ಒರೆಸಿಕೊಂಡಳು. ಹೊರಗೆ ಬಂದಾಗ ಹುಡುಗರು ಕೊಳದ ಆಳವಿಲ್ಲದ ಕಡೆ ಸರಳು ಹಿಡಿದು ಕಾಲು ಬಡಿಯುತ್ತಿದ್ದರು. ಅವರ ನಡುವೆ ಚಂದಯ್ಯನೂ ಇದ್ದ. ಹಾಕಿಕೊಂಡು ಬಂದ ಪ್ಯಾಂಟಿನಲ್ಲೇ ಇಳಿದಿದ್ದ. ನೀರು ಸೊಂಟದವರೆಗೂ ಇರಲಿಲ್ಲ, ಎರಡೂ ಕೈಯಲ್ಲಿ ಸರಳನ್ನು ಗಟ್ಟಿಯಾಗಿ ಹಿಡಿದಿದ್ದ. ಅವಳನ್ನು ಕಂಡು ಏನೋ ಹೇಳಲು ಹೋದ. ಅವಳು ನಿಲ್ಲಲಿಲ್ಲ. ಗೇಟಿನವರೆಗೆ ಹೋಗಿ ಒಮ್ಮೆ ತಿರುಗಿ ನೋಡಿದಳು, ಅವನು ಇನ್ನೂ ನೀರಿನಲ್ಲೇ ಇದ್ದ.